ಬಿಳಿ ಗೆರೆ ಬೇಡುವ ಕಾರು

ಹೆಸರು ಬೆಳೆ ಕೈಗೆ ಬರುವ ಹೊತ್ತಿಗೆ ಗದಗ ಜಿಲ್ಲೆಯ ಪುರ್ತಗೇರಿ ಸುತ್ತಲಿನ ಡಾಂಬರು ರಸ್ತೆಗಳಿಗೆ ಇನ್ನೊಂದು ಕೆಲಸ ಹತ್ತಿಕೊಳ್ಳುತ್ತದೆ. ಎರೆ ಹೊಲದಿಂದ ಬಿಡಿಸಿ ತಂದ ಕಾಯನ್ನು ರೈತರು ರಸ್ತೆಯ ಒಂದು ಮಗ್ಗುಲಿಗೆ ಹರವುತ್ತಾರೆ. ಮುಂದೆ ಹುರುಳಿ ಬರುತ್ತದೆ, ತೊಗರಿ ಬರುತ್ತದೆ. ಹೋಗಿಬರುವ ಬಸ್ಸು, ಟ್ರ್ಯಾಕ್ಟರು, ಟಂಟಂಗಳ ಗಾಲಿಯೇ ಒಕ್ಕಣೆ ಮಾಡಿಕೊಡುತ್ತದೆ. ರಾಶಿಯ ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಒಬ್ಬಾಕೆ ಮೊರ ಹಿಡಿದು ತೂರುತ್ತಿರುತ್ತಾಳೆ, ಇನ್ನೊಬ್ಬಾಕೆ ಕಸಬರಿಗೆಯಿಂದ ಕಾಳು ಒಟ್ಟುಗೂಡಿಸುತ್ತಿರುತ್ತಾಳೆ. ಈ ಕಡೆಯ ಡ್ರೈವರುಗಳಿಗೆ ಇದೆಲ್ಲ ಗೊತ್ತು. ದೂರದಿಂದಲೇ ವೇಗ ತಗ್ಗಿಸುತ್ತಾರೆ. ಹುರುಳಿ ಬಳ್ಳಿ ದಪ್ಪಗೆ ಬಿದ್ದಿದ್ದರೆ ಬಳಸಿ ಹೋಗುತ್ತಾರೆ. ಒಣಗಿದ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳಬಹುದು ಎಂಬ ಅಂಜಿಕೆ ಎಲ್ಲರಿಗೂ ಉಂಟು.

ಇಂಥ ರಸ್ತೆಗೆ ಈಗ ಕಣ್ಣುಳ್ಳ ಕಾರುಗಳು ಬಂದಿವೆ. ದೊಡ್ಡವರ ದೊಡ್ಡ ಕಾರುಗಳ ಮಾತಲ್ಲ; ಮೇಷ್ಟರು, ಬ್ಯಾಂಕಿನವರು, ಉಳ್ಳಾಗಡ್ಡಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ರೈತರು ಕೊಳ್ಳುವ ಸಣ್ಣ ಕಾರುಗಳ ಮಾತು. ನಾನೂ ಅಂಥದ್ದೊಂದನ್ನು ಓಡಿಸುತ್ತೇನೆ. ಅದನ್ನು ನಡೆಸುತ್ತ ನಡೆಸುತ್ತ ನನ್ನ ಗಮನ ಕಾರಿನಿಂದ ರಸ್ತೆಯ ಕಡೆಗೆ ತಿರುಗಿದೆ. ಆ ವಿಚಾರವನ್ನೇ ಇಲ್ಲಿ ಹೇಳಬೇಕಾಗಿದೆ.

ನಾಲ್ಕು ಮೀಟರಿನೊಳಗಿನ ಕಾರು ನಮ್ಮ ದೇಶದ ತೆರಿಗೆ ಹುಟ್ಟಿಸಿದ ತಳಿ. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರಿಗಿಂತ ಕಡಿಮೆ ಉದ್ದದ, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಒಳಗಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಅಂದಿನಿಂದ ಕಂಪನಿಗಳು ಈ ಅಳತೆಯೊಳಗೆ ಏನೇನು ತುಂಬಬಹುದೋ ಎಲ್ಲವನ್ನೂ ತುಂಬುತ್ತ ಬಂದವು. 2025ರ ಸೆಪ್ಟೆಂಬರಿನಲ್ಲಿ ಇವುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ಹಳ್ಳಿಗಳಲ್ಲೂ ಕೊಳ್ಳುವವರಿಗೆ ಧೈರ್ಯ ಬಂತು. ಊರ ಅಗಸಿಯಲ್ಲಿ ನುಸುಳಿ, ಓಣಿಯ ಮೂಲೆಯಲ್ಲಿ ತಿರುಗಿ, ಕಟ್ಟೆಯ ಪಕ್ಕದ ಬೇವಿನ ಮರದಡಿ ನಿಲ್ಲಲು ಇದೇ ಅಳತೆ ಬೇಕು. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ತೋರಿಸುತ್ತದೆ. ಗಾಲಿಯ ಹಿಂದೆ ಕೂತು ಆಡುವ ಕೂಸು ಕನ್ನಡಿಗೆ ಕಾಣದಿದ್ದರೂ ಪರದೆಯಲ್ಲಿ ಕಾಣುತ್ತದೆ. ಈ ಒಂದೇ ಗುಣಕ್ಕೆ ನಾನು ಹೊಸ ಕಾರುಗಳಿಗೆ ಕೈಮುಗಿಯಬಲ್ಲೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಕಡಿಮೆ ಬೆಲೆಯ ಎಎಂಟಿ ಗೇರು ಬಂದ ಮೇಲೆ ಕ್ಲಚ್ಚಿನ ಕಾಟವೂ ತಪ್ಪಿತು. ನನ್ನ ಅಕ್ಕನ ಮಗಳು ಅಂಥ ಕಾರಿನಲ್ಲೇ ಕಲಿತು ಗಜೇಂದ್ರಗಡದಿಂದ ಗದಗಕ್ಕೆ ತಾನೇ ನಡೆಸಿಕೊಂಡು ಹೋಗುತ್ತಾಳೆ. ಅವಳ ಅವ್ವ ಬಸ್ಸಿಗಾಗಿ ಕ್ರಾಸಿನಲ್ಲಿ ನಿಂತು ದಿನ ಕಳೆದವಳು. ಒಂದು ತಲೆಮಾರಿನಲ್ಲಿ ಆದ ಈ ಬದಲಾವಣೆ ಸಣ್ಣದಲ್ಲ.

ಆಮೇಲೆ ಬಂದದ್ದು ಅಡಾಸ್, ಎಂದರೆ ಡ್ರೈವರಿಗೆ ನೆರವಾಗುವ ವ್ಯವಸ್ಥೆ. 2023ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ವೆನ್ಯೂ, 2024ರ ಜನವರಿಯಲ್ಲಿ ಕಿಯಾ ಸೋನೆಟ್, ಏಪ್ರಿಲ್‌ನಲ್ಲಿ ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ, ಡಿಸೆಂಬರಿನಲ್ಲಿ ಹೋಂಡಾ ಅಮೇಝ್, ಹೀಗೆ ಸಣ್ಣ ಕಾರುಗಳಿಗೂ ಅದು ಇಳಿಯಿತು. ಮುಂದಿನ ಗಾಜಿನ ನೆತ್ತಿಯಲ್ಲಿ ಒಂದು ಕ್ಯಾಮೆರಾ, ಕೆಲವದರಲ್ಲಿ ಜೊತೆಗೊಂದು ರಾಡಾರ್. ಮುಂದಿನ ಗಾಡಿ ಹತ್ತಿರವಾದರೆ ಮೊದಲು ಕೂಗಿ ಎಚ್ಚರಿಸುತ್ತದೆ, ಆಗಲೂ ಡ್ರೈವರ್ ತುಳಿಯದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ರಸ್ತೆಯ ಬಿಳಿ ಗೆರೆ ನೋಡಿ, ಕಾರು ಅದನ್ನು ದಾಟತೊಡಗಿದರೆ ಸ್ಟೇರಿಂಗನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತದೆ.

ಗದಗ ದಾಟಿ ಹುಬ್ಬಳ್ಳಿಯ ಕಡೆಗೆ 67ನೇ ನಂಬರಿನ ಹೆದ್ದಾರಿ ಹಿಡಿದರೆ ಇದೆಲ್ಲ ಚೆಂದಾಗಿ ನಡೆಯುತ್ತದೆ. ನಡುವೆ ಡಿವೈಡರ್, ಎರಡೂ ಬದಿಗೆ ಗೆರೆ. ಸ್ಟೇರಿಂಗಿನ ಮೇಲೆ ಅಂಗೈ ಇಟ್ಟರೆ ಕಾರು ತನ್ನ ಸಾಲು ತಾನು ಹಿಡಿದಿರುವುದು ಗೊತ್ತಾಗುತ್ತದೆ. ಊರ ಕಡೆಗೆ ತಿರುಗಿ ಒಳರಸ್ತೆಗೆ ಇಳಿದರೆ ಪರದೆಯ ಮೇಲಿನ ಹಸಿರು ಗುರುತು ಬೂದಿ ಬಣ್ಣಕ್ಕೆ ಬರುತ್ತದೆ. ಕ್ಯಾಮೆರಾ ಗೆರೆ ಹುಡುಕುತ್ತಿದೆ, ಗೆರೆ ಇಲ್ಲ. ಒಂದು ಕಾಲಕ್ಕೆ ಬಳಿದದ್ದು ಟ್ರ್ಯಾಕ್ಟರಿನ ಗಾಲಿ ತಂದ ಎರೆ ಮಣ್ಣಿನಡಿ ಹೋಗಿದೆ, ಇಲ್ಲವೆ ತೇಪೆ ಹಾಕಿದವರು ಮತ್ತೆ ಬಳಿದಿಲ್ಲ. ಡಾಂಬರಿನ ಅಂಚು ಎಲ್ಲಿ ಮುಗಿಯಿತು, ಕಚ್ಚಾ ದಂಡೆ ಎಲ್ಲಿ ಶುರುವಾಯಿತು ಎಂಬುದು ಹಗಲಲ್ಲೇ ಸರಿಯಾಗಿ ತಿಳಿಯದು. ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್ ಎದುರಾದರೆ ಎಲ್ಲರೂ ದಂಡೆಗೆ ಇಳಿಯಲೇಬೇಕು. ಆಗ ಗೆರೆ ದಾಟುವುದೇ ಸರಿಯಾದ ದಾರಿ.

ಒಂದು ಸಂಜೆ ಕುರಿ ಹಿಂಡು ರಸ್ತೆ ದಾಟುವವರೆಗೆ ನಿಂತಿದ್ದೆ. ಕಾಯುವ ಹುಡುಗ ಕಿಟಕಿಯ ಹತ್ತಿರ ಬಂದು ಕೇಳಿದ:

“ಕಾಕಾ, ಹೊಸಾ ಗಾಡಿಗೆ ಕಣ್ಣ ಅದಾವಂತಲ್ರಿ. ನನ್ನ ಕುರಿ ಕಂಡ್ರ ತಾನ ನಿಲ್ತೈತೇನ್ರಿ?”

“ನಿಲ್ಲಬೇಕು ತಮ್ಮಾ. ಆದ್ರ ಅದನ್ನ ನಂಬಿ ನಾ ಕಣ್ಣ ಮುಚ್ಚಂಗಿಲ್ಲ.”

“ಹಂಗಾರ ನೀವ ನಿಂತ್ರಿ, ಗಾಡಿ ನಿಂದರಲಿಲ್ಲ.”

ಅವನು ಹೇಳಿದ್ದು ಈ ತಂತ್ರಜ್ಞಾನದ ನಿಯಮವೇ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ 2014ರಲ್ಲಿ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಮೆಟ್ಟಿಲು ಮಾಡಿ ವಿಂಗಡಿಸಿತು. ಅಡಾಸ್ ಇರುವ ನಮ್ಮ ಸಣ್ಣ ಕಾರುಗಳು ಒಂದು ಅಥವಾ ಎರಡನೆಯ ಮೆಟ್ಟಿಲಿನವು. ಎರಡನೆಯದರಲ್ಲಿ ಕಾರು ವೇಗವನ್ನೂ ಸ್ಟೇರಿಂಗನ್ನೂ ಸಂಭಾಳಿಸಬಹುದು. ಆದರೆ ನೋಡುತ್ತಿರಬೇಕಾದವನು ಮನುಷ್ಯ, ಹೊಣೆಯೂ ಅವನದೇ. ನಾಲ್ಕನೆಯ ಮೆಟ್ಟಿಲಿನಲ್ಲಿ, ಗೊತ್ತುಮಾಡಿದ ಪ್ರದೇಶದೊಳಗೆ, ಮನುಷ್ಯ ಬೇಕಿಲ್ಲ. ಅಮೆರಿಕದ ಫೀನಿಕ್ಸ್ ಸುತ್ತಲಿನಲ್ಲಿ ವೇಮೊ ಕಂಪನಿ ಡ್ರೈವರಿಲ್ಲದ ಬಾಡಿಗೆ ಕಾರುಗಳನ್ನು 2020ರ ಅಕ್ಟೋಬರಿನಲ್ಲಿ ಜನರಿಗೆ ತೆರೆದದ್ದು ಹೀಗೆಯೇ: ಮೊದಲೇ ಅಳೆದು ನಕ್ಷೆ ಮಾಡಿಟ್ಟ ಬೀದಿಗಳಲ್ಲಿ.

ಗೊತ್ತಿದ್ದ ದಾರಿಯಲ್ಲಿ ತಾನೇ ನಡೆಯುವ ಗಾಡಿ ನಮ್ಮ ಹಿರಿಯರಿಗೆ ಹೊಸದಲ್ಲ. ಸಂತೆ ಮುಗಿಸಿ ಚಕ್ಕಡಿ ಹೂಡಿ, ಮೇವಿನ ಮೇಲೆ ಒರಗಿ ನಿದ್ದೆ ಹೋದರೆ ಎತ್ತು ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು. ಆದರೆ ಬಾದಾಮಿಯ ಬನಶಂಕರಿ ಜಾತ್ರೆಗೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಹೊರಟಾಗ ಅದೇ ಮನುಷ್ಯ ರಾತ್ರಿಯೆಲ್ಲ ಹಗ್ಗ ಹಿಡಿದು ಎದ್ದು ಕೂತಿರುತ್ತಿದ್ದ. ಎತ್ತಿಗೆ ಯಾವ ದಾರಿ ಗೊತ್ತು, ಯಾವುದು ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇನ್ನೊಂದು ವಿವೇಕವೂ ಇತ್ತು: ಕತ್ತಲಾದರೆ ಗಾಡಿಯಡಿಗೆ ಕಂದೀಲು ಕಟ್ಟುತ್ತಿದ್ದ. ಆ ಬೆಳಕಿನಿಂದ ಎತ್ತಿಗೆ ಎಷ್ಟು ಉಪಯೋಗವೋ, ಹಿಂದೆ ಬರುವವನಿಗೆ ಅದಕ್ಕಿಂತ ಹೆಚ್ಚು.

ಆ ಕಂದೀಲು ಎಲ್ಲಿ ಹೋಯಿತು? ಇಂದು ಲಕ್ಷಗಟ್ಟಲೆ ಬೆಲೆಯ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಕಬ್ಬನ್ನೋ ಕಣಿಕೆಯನ್ನೋ ರಸ್ತೆಯಗಲಕ್ಕೆ ಹೇರಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ರಾತ್ರಿ ಹೊರಡುತ್ತಾರೆ. ಬೈಕಿನ ಮೇಲೆ ಬರುವ ಹುಡುಗನಿಗೆ ಅದು ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ಬಿಸಿಲು ತಪ್ಪಿಸಲು ಇರುಳಲ್ಲಿ ನಡೆಯುತ್ತಾರೆ; ನಡೆಯಲು ಬೇರೆ ದಂಡೆಯಿಲ್ಲದೆ ಡಾಂಬರಿನ ಮೇಲೆಯೇ ಕಾಲಿಡುತ್ತಾರೆ. ಕ್ಯಾಮೆರಾ ಕೂಡ ಕತ್ತಲಲ್ಲಿ ಹೆಡ್‌ಲೈಟಿನ ಬೆಳಕು ಮುಟ್ಟಿದಷ್ಟನ್ನೇ ಚೆನ್ನಾಗಿ ನೋಡುತ್ತದೆ.

ಯಂತ್ರದ ಕಣ್ಣಿಗೆ ನೋಡುವುದನ್ನು ಕಲಿಸಬೇಕು. ಸಾವಿರಾರು ಚಿತ್ರಗಳಲ್ಲಿ ಇದು ಬಸ್ಸು, ಇದು ಮನುಷ್ಯ, ಇದು ರಸ್ತೆ ಎಂದು ಮನುಷ್ಯರೇ ಗುರುತು ಹಾಕಿಕೊಡುತ್ತಾರೆ. ಬಹುಕಾಲ ಆ ಚಿತ್ರಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದ ಬೀದಿಗಳವು. 2018ರಲ್ಲಿ ಹೈದರಾಬಾದಿನ ಐಐಐಟಿ, ಇಂಟೆಲ್ ಜೊತೆ ಸೇರಿ ನಮ್ಮ ರಸ್ತೆಗಳ ಸುಮಾರು 10,000 ಚಿತ್ರಗಳ ಭಂಡಾರವೊಂದನ್ನು ಹೊರತಂದಿತು. ಬೆಂಗಳೂರು, ಹೈದರಾಬಾದ್ ಮತ್ತು ಅವುಗಳ ಹೊರವಲಯದ ರಸ್ತೆಗಳಲ್ಲಿ ತೆಗೆದವು ಅವು. ಅದರಲ್ಲಿ ಆಟೊರಿಕ್ಷಾಕ್ಕೆ, ಪ್ರಾಣಿಗಳಿಗೆ ಬೇರೆ ಬೇರೆ ಗುರುತುಗಳಿವೆ. ರಸ್ತೆಯಲ್ಲದಿದ್ದರೂ ಬೇಕಾದರೆ ಗಾಡಿ ಇಳಿಸಬಹುದಾದ ಮಣ್ಣಿನ ದಂಡೆಗೂ ಒಂದು ಗುರುತಿದೆ. ನಮ್ಮ ರಸ್ತೆಯನ್ನು ಅದು ಇರುವ ಹಾಗೆ ಕಂಡು ಗೌರವಿಸಿದ ಕೆಲಸ ಅದು. ರಸ್ತೆಯ ಮೇಲೆ ಹರವಿದ ಹೆಸರು ಕಾಯಿ, ಅದರ ನಡುವೆ ಮೊರ ಹಿಡಿದು ಬಗ್ಗಿದ ಹೆಣ್ಣುಮಗಳು ಯಂತ್ರಕ್ಕೆ ಸರಿಯಾಗಿ ಗುರುತಾಗಬೇಕಾದರೆ ನಮ್ಮ ಭಾಗದ ಚಿತ್ರಗಳೂ ಅಂಥ ಭಂಡಾರಗಳಿಗೆ ಸೇರಬೇಕು.

ಗುರುತು ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಲೋಕ ನೋಡಿದೆ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಟೆಂಪಿ ಎಂಬ ಊರಿನಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಊಬರ್ ಕಂಪನಿಯ ಪರೀಕ್ಷಾ ಕಾರಿಗೆ ಸಿಕ್ಕು ಸತ್ತರು. ಯಂತ್ರ ಅವರನ್ನು ಒಮ್ಮೆ ವಾಹನವೆಂದು, ಒಮ್ಮೆ ಗೊತ್ತಿಲ್ಲದ ವಸ್ತುವೆಂದು, ಒಮ್ಮೆ ಸೈಕಲ್ಲೆಂದು ಬದಲಾಯಿಸುತ್ತ ಹೋಯಿತೆಂದು ತನಿಖೆ ಹೇಳಿತು. ಕಾಯಬೇಕಾಗಿದ್ದ ಚಾಲಕಿಯ ಕಣ್ಣು ಫೋನಿನ ಮೇಲಿತ್ತು. ನಮ್ಮಲ್ಲಿ ಸೈಕಲ್ಲಿಗೆ ಮೇವಿನ ಹೊರೆ ಕಟ್ಟಿ ತಳ್ಳಿಕೊಂಡು ಬರುವವರು ದಿನಾ ಸಿಗುತ್ತಾರೆ.

ಹಾಗೆಂದು ಯಂತ್ರವನ್ನು ದೂರ ಇಡಿ ಎನ್ನಲಾರೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ನೂರರಲ್ಲಿ ಸುಮಾರು 71 ಸಾವಿಗೆ ಅತಿ ವೇಗ ಕಾರಣ. ಇವರನ್ನು ಕೊಂದ ಗಾಡಿಗಳನ್ನು ನಡೆಸಿದವರು ಮನುಷ್ಯರೇ. ನಿದ್ದೆಗಣ್ಣಿನ ಡ್ರೈವರನ್ನು ಕೂಗಿ ಎಬ್ಬಿಸುವ, ಒಂದು ಕ್ಷಣ ಮುಂಚೆ ಬ್ರೇಕ್ ಒತ್ತುವ ಸಾಧನ ಒಂದು ಮನೆಯ ದೀಪ ಉಳಿಸಿದರೂ ಅದು ದೊಡ್ಡದು. ಅದು ದುಬಾರಿ ಮಾದರಿಗಳಿಗಷ್ಟೇ ಸಿಗುವ ಸೌಕರ್ಯವಾಗಿ ಉಳಿಯಬಾರದು. ಏರ್‌ಬ್ಯಾಗ್ ಕೂಡ ಮೊದಲು ಹಾಗೆಯೇ ಇತ್ತು. 2019ರಲ್ಲಿ ಡ್ರೈವರನ ಏರ್‌ಬ್ಯಾಗ್ ಕಡ್ಡಾಯವಾದ ಮೇಲೆ ಅಗ್ಗದ ಕಾರಿಗೂ ಬಂತು.

ಡ್ರೈವರಿಲ್ಲದ ಗಾಡಿ ಮಾಡುವ ಕೆಲಸವೂ ಬೆಂಗಳೂರಿನಲ್ಲಿ ಜೋರಾಗಿ ನಡೆದಿದೆ. 2023ರ ಜೂನಿನಲ್ಲಿ ಮೈನಸ್ ಝೀರೊ ಎಂಬ ಸಣ್ಣ ಕಂಪನಿ ಸ್ಟೇರಿಂಗೇ ಇಲ್ಲದ ಗಾಡಿ ತೋರಿಸಿತು. 2025ರ ಅಕ್ಟೋಬರಿನಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್‌.ವಿ. ಎಂಜಿನಿಯರಿಂಗ್ ಕಾಲೇಜು ಕೂಡಿ ಮಾಡಿದ ಚಾಲಕರಹಿತ ಕಾರನ್ನು ಕಾಲೇಜಿನ ಆವರಣದಲ್ಲಿ ಓಡಿಸಿದರು. ನಮ್ಮ ಮಕ್ಕಳ ಈ ಸಾಧನೆ ನನಗೆ ಹೆಮ್ಮೆ. ಡ್ರೈವರಿಲ್ಲದ ಕಾರುಗಳು ಬಂದರೆ ಬಹಳಷ್ಟು ಡ್ರೈವರುಗಳ ಕೆಲಸ ಹೋದೀತು, ಅದಕ್ಕೆ ಅವಕಾಶ ಕೊಡುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಹೇಳಿದ್ದೂ ನನಗೆ ಸರಿಯೆನಿಸುತ್ತದೆ. ಮಳೆ ಕೈಕೊಟ್ಟ ವರ್ಷ ನಮ್ಮ ತಾಲೂಕುಗಳ ಹುಡುಗರಿಗೆ ಕೈಹಿಡಿಯುವುದು ಲೈಸೆನ್ಸು. ಅವರು ಲಾರಿ ಹತ್ತುತ್ತಾರೆ, ಬೆಂಗಳೂರಿಗೋ ಗೋವಾಕ್ಕೋ ಹೋಗಿ ಟ್ಯಾಕ್ಸಿ ಹಿಡಿಯುತ್ತಾರೆ. ಅವರ ಕೈಯಿಂದ ಸ್ಟೇರಿಂಗ್ ಕಸಿಯುವ ಯಂತ್ರ ಬೇಡ. ಅವರ ಪ್ರಾಣ ಕಾಯುವ ಯಂತ್ರ ಬೇಕು.

ಈ ಕಾರು ನನಗೆ ಕಲಿಸಿದ್ದು ಒಂದು ಮಾತು. ಅದು ಬೇಡುವುದೆಲ್ಲ ಮನುಷ್ಯನಿಗೆ ಎಂದೋ ಸಲ್ಲಬೇಕಾಗಿದ್ದದ್ದೇ. ಅದು ಬಿಳಿ ಗೆರೆ ಬೇಡುತ್ತದೆ. ಮಳೆಗಾಲದ ರಾತ್ರಿ ಬೈಕಿನವನಿಗೂ ಅದೇ ಆಧಾರ. ಅದು ಮುಂದಿನ ಗಾಡಿಯ ಹಿಂಬದಿ ಕಾಣಬೇಕೆನ್ನುತ್ತದೆ. ಶಾಲೆಯ ಮಕ್ಕಳನ್ನು ತುಂಬಿಕೊಂಡ ಟಂಟಂ ಡ್ರೈವರನಿಗೂ ಅದು ಕಾಣಬೇಕು. ಅದು ತಿರುವಿನ ಫಲಕ, ಒಡೆಯದ ಅಂಚು, ನಡೆಯುವವರಿಗೆ ಬೇರೆ ದಂಡೆ ಬಯಸುತ್ತದೆ. ಕಾರಿಗಾಗಿ ರಸ್ತೆ ಸುಧಾರಿಸಿದರೆ ಮೊದಲ ಲಾಭ ಕಾರಿಲ್ಲದವರಿಗೆ. ರಾಶಿಗೆ ಬೇರೆ ಜಾಗ ಕೊಡದೆ ರೈತರನ್ನು ಬೈಯುವುದೂ ತಪ್ಪು. ಮನೆಮನೆಗಿದ್ದ ಕಣಗಳು ಹೋಗಿವೆ. ಪಂಚಾಯಿತಿಗಳು ಊರಿಗೆ ಸಾಲುವಷ್ಟು ಒಕ್ಕಣೆ ಕಣ ಕಟ್ಟಿಸಲಿ.

ಟ್ರ್ಯಾಕ್ಟರ್ ಇದ್ದವರು ಇಂದೇ ಟ್ರೇಲರಿನ ಹಿಂದೆ ರೇಡಿಯಂ ಪಟ್ಟಿ ಅಂಟಿಸಲಿ. ಅದರ ಖರ್ಚು ಒಂದು ಹೊತ್ತಿನ ಡೀಸೆಲ್ಲಿನಷ್ಟೂ ಇಲ್ಲ. ಹೊಸ ಕಾರು ತಂದವರು ಅದರ ಕಣ್ಣನ್ನು ತಮ್ಮ ಕಣ್ಣಿನ ಜೊತೆಗೆ ಬಳಸಲಿ, ಬದಲಿಗೆ ಬೇಡ. ಇನ್ನು ರಸ್ತೆ ರಿಪೇರಿಗೆ ಬಂದವರು ಡಾಂಬರು ಹಾಕಿ ಗೆರೆ ಬಳಿಯದೆ ಹೊರಟರೆ, ಬಿಲ್ಲು ಪಾಸಾಗುವ ಮುಂಚೆ ಊರವರು ಹೋಗಿ ಕೇಳಬೇಕು. ಗೆರೆ ಬಳಿಯದ ರಸ್ತೆ ಕೆಲಸ ಮುಗಿಯದ ರಸ್ತೆ.