ಎರಡು ಮುಕ್ಕಾಲು ಗಂಟೆ

ದೆಹಲಿ ಎಷ್ಟು ದೂರ ಅಂತ ಊರಿನಲ್ಲಿ ಯಾರಾದರೂ ಕೇಳಿದರೆ ನಾನು ಕಿಲೋಮೀಟರಿನಲ್ಲಿ ಹೇಳುತ್ತಿರಲಿಲ್ಲ. ‘ಎರಡು ರಾತ್ರಿ’ ಅನ್ನುತ್ತಿದ್ದೆ. 1991ರಲ್ಲಿ ಬ್ಯಾಂಕು ಪ್ರಮೋಷನ್ ಕೊಟ್ಟು ದೆಹಲಿಗೆ ಹಾಕಿದಾಗಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸೇ ನಮ್ಮ ಅಳತೆಗೋಲು. ಝಾನ್ಸಿ, ಭೋಪಾಲ್, ಮನ್ಮಾಡ್, ಸೊಲ್ಲಾಪುರ ದಾಟಿ ಗುಲ್ಬರ್ಗ ಸ್ಟೇಷನ್ನಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಮಕ್ಕಳು ಎದ್ದು ಕೂರುತ್ತಿದ್ದರು. ಬೆಂಗಳೂರಿಗೆ ಸುಮಾರು 2,400 ಕಿ.ಮೀ.; ಅಲ್ಲಿಂದ ತಿಪಟೂರಿಗೆ ಬಸ್ಸು, ಹಳ್ಳಿಗೆ ಇನ್ನೊಂದು ಬಸ್ಸು. ವಾಪಸ್ ಬರುವಾಗ ಬರ್ತಿನ ಕೆಳಗೆ ಅಮ್ಮ ಕಟ್ಟಿಕೊಟ್ಟ ಕೊಬ್ಬರಿ ಚೀಲ.

1996ರಲ್ಲಿ ಅಪ್ಪ ತೀರಿಕೊಂಡಾಗ ನಾನು ಮನೆ ಮುಟ್ಟಿದ್ದು ಮೂರನೆಯ ದಿನ. ಯಾರೂ ಏನೂ ಅನ್ನಲಿಲ್ಲ. ‘ದೂರ ಅಲ್ವೇ, ಪಾಪ’ ಅಂದರು. ನಾನೂ ಹಾಗೇ ಅಂದುಕೊಂಡೆ.

2003ರಲ್ಲಿ ನಮ್ಮ ಪಕ್ಕದ ಹಾಸನ ಜಿಲ್ಲೆಯವರೇ ಆದ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದ ಮೇಲೆ ನಮ್ಮಂಥ ಸಂಬಳದವರೂ ವಿಮಾನದ ದರ ವಿಚಾರಿಸುವಂತಾಯಿತು. ಆಕಾಶದಲ್ಲಿ ದೆಹಲಿ–ಬೆಂಗಳೂರು ಸುಮಾರು 1,700 ಕಿ.ಮೀ. ಅಷ್ಟೇ. ರೈಲಿನ ಹಾಗೆ ಊರೂರು ಸುತ್ತಬೇಕಿಲ್ಲವಲ್ಲ! ಮೊದಲ ಸಲ ವಿಮಾನದಲ್ಲಿ ಹೋದಾಗ ಜಗಲಿಯ ಮೇಲೆ ಕೂತು ಅಮ್ಮನಿಗೆ ಜಂಬದಿಂದ ಹೇಳಿದೆ, ‘ಎರಡು ಮುಕ್ಕಾಲು ಗಂಟೆ ಕಣಮ್ಮಾ, ಅಷ್ಟೇ.’

ಅಮ್ಮ ಅಡಿಕೆ ಕತ್ತರಿಸುತ್ತಿದ್ದವಳು ನಿಲ್ಲಿಸಿದಳು. ‘ಬಸ್ಸು ಕಾದು ಹಾಸನಕ್ಕೆ ಹೋಗೋಕೂ ನಮಗೆ ಅಷ್ಟು ಹೊತ್ತು ಬೇಕಲ್ಲೋ. ಮತ್ತೆ ನೀನ್ಯಾಕೆ ವರ್ಷಕ್ಕೊಂದ್ಸಲ ಬರ್ತೀಯ?’

ರಜೆ, ಆಡಿಟ್, ಮಗಳ ಬೋರ್ಡ್ ಪರೀಕ್ಷೆ ಅಂತ ಏನೇನೋ ಹೇಳಿದೆ. ದೂರ ಅನ್ನುವ ಒಂದು ಮಾತನ್ನು ಮಾತ್ರ ಹೇಳುವ ಹಾಗಿರಲಿಲ್ಲ. ಆ ಸಲ ಅವಳು ಕಟ್ಟಿಟ್ಟ ಕೊಬ್ಬರಿಯೂ ಅಲ್ಲೇ ಉಳಿಯಿತು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ ವಿಮಾನಕ್ಕೆ ಬಿಡುವುದಿಲ್ಲ. ತಿಪಟೂರು ಸೀಮೆಯವನಿಗೆ ಇದೆಂಥ ಕಾನೂನು ನೋಡಿ.

2012ರ ಜನವರಿಯಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ತಮ್ಮನ ಫೋನ್ ಬಂತು. ಎಂಟೂವರೆಯ ವಿಮಾನಕ್ಕೆ ಟಿಕೆಟ್ಟೂ ಸಿಕ್ಕಿತು. ಆದರೆ ಹೊರಗೆ ದೆಹಲಿಯ ಮಂಜು. ಬಹಳ ಕಡಿಮೆ ಬೆಳಕಿನಲ್ಲೂ ವಿಮಾನ ಇಳಿಸುವ ಉಪಕರಣ ಅಲ್ಲಿದೆ. ಮೇಲೇರುವುದಕ್ಕೆ ಮಾತ್ರ ರನ್‌ವೇ ಇನ್ನೂ ಸ್ವಲ್ಪ ದೂರ ಕಣ್ಣಿಗೆ ಕಾಣಬೇಕಂತೆ. ಪಕ್ಕದಲ್ಲಿ ಕೂತವರೊಬ್ಬರು ಇದನ್ನೆಲ್ಲ ವಿವರಿಸುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಹೊರಟಿದ್ದು ಮಧ್ಯಾಹ್ನ ಒಂದೂವರೆಗೆ. ಹಾರಿದ ಮೇಲೆ ಸರಿಯಾಗಿ ಎರಡು ಮುಕ್ಕಾಲು ಗಂಟೆಗೇ ದೇವನಹಳ್ಳಿಯಲ್ಲಿ ಇಳಿಸಿದರು. ಟ್ಯಾಕ್ಸಿ ನೆಲಮಂಗಲ ದಾಟುವ ಮೊದಲೇ ತಮ್ಮ ಮತ್ತೆ ಫೋನ್ ಮಾಡಿದ, ‘ಅಣ್ಣಾ, ಹೊತ್ತು ಮುಳುಗ್ತಾ ಇದೆ. ಊರಿನೋರು ಇನ್ನು ಕಾಯೋದು ಬೇಡ ಅಂತಿದಾರೆ. ಏನು ಮಾಡಲಿ?’

‘ಮಾಡಿಬಿಡಪ್ಪ’ ಅಂದೆ.

ರಾತ್ರಿ ಒಂಬತ್ತಕ್ಕೆ ಮನೆ ಸೇರಿದೆ. ಹದಿನೇಳು ಗಂಟೆ. ಬ್ಯಾಂಕಿನವನಲ್ಲವೇ, ಅಂಥ ಹೊತ್ತಿನಲ್ಲೂ ಲೆಕ್ಕ ಹಾಕಿದ್ದೆ.

ತಿಥಿ ಮುಗಿದ ಮೇಲೆ ನಾದಿನಿ ಅಟ್ಟದಿಂದ ಒಂದು ಬಟ್ಟೆಚೀಲ ಇಳಿಸಿದರು. ‘ಅತ್ತೆ ನಿಮಗೇಂತ ಆರಿಸಿಟ್ಟಿದ್ರು ಭಾವ. ವಿಮಾನದಲ್ಲಿ ಬಿಡಲ್ಲ ಅಂದ್ರೂ ಕೇಳ್ತಿರಲಿಲ್ಲ.’ ಮಾರನೆಯ ದಿನ ತಿಪಟೂರಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ತತ್ಕಾಲ್ ಟಿಕೆಟ್ ಮಾಡಿಸಿದೆ. ಚೀಲವನ್ನು ಬರ್ತಿನ ಕೆಳಗೆ ತಳ್ಳಲಿಲ್ಲ, ತಲೆಯ ಹತ್ತಿರವೇ ಇಟ್ಟುಕೊಂಡೆ. ಎರಡು ರಾತ್ರಿಯೂ ಕೊಬ್ಬರಿ ವಾಸನೆ ಬರುತ್ತಿತ್ತು.