ಭಾನುವಾರವೂ ತೆರೆದಿರುವ ಭೋಸರಿ

ಪುಣೆಯಲ್ಲಿರುವ ನಮ್ಮಂಥ ಐಟಿ ಮಂದಿಗೆ ಊರೆಂದರೆ ಹಿಂಜವಡಿ, ವಾಕಡ್, ಬಾಣೇರ್, ಖರಾಡಿ. ರಜೆ ಸಿಕ್ಕರೆ ಸಿಂಹಗಡ, ಇಲ್ಲವೇ ಲೋಣಾವಳ. ಭೋಸರಿಗೆ ಸುಮ್ಮನೆ ಯಾರೂ ಹೋಗುವುದಿಲ್ಲ. ನಾಸಿಕ್ ಕಡೆ ಹೊರಟವರು ಫ್ಲೈಓವರ್ ಮೇಲಿಂದ ದಾಟಿಹೋಗುತ್ತಾರೆ, ಅಷ್ಟೆ. ಆದರೆ ಈ ಊರು ಅನ್ನ ತಿಂದು ಬೆಳೆದದ್ದು ಆ ಫ್ಲೈಓವರಿನ ಕೆಳಗೆ.

ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಶುರುವಾದದ್ದು 1954ರಲ್ಲಿ. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ನಿಗಮ, ಅಂದರೆ ಎಲ್ಲರೂ ಹೇಳುವ ಎಂಐಡಿಸಿ ಹುಟ್ಟಿತು. ಟೆಲ್ಕೊ ಬಂತು, ಆಕುರ್ಡಿಗೆ ಬಜಾಜ್ ಬಂತು. ದೊಡ್ಡವರಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳು ಭೋಸರಿಯ ಜೆ ಬ್ಲಾಕ್, ಎಸ್ ಬ್ಲಾಕ್, ಟಿ ಬ್ಲಾಕ್ ತುಂಬಿಕೊಂಡವು. ಆ ವರ್ಕ್‌ಶಾಪುಗಳ ಯಂತ್ರ ಕೆಟ್ಟರೆ ರಿಪೇರಿ ಮಾಡುವವರು ಅವುಗಳ ಬೆನ್ನಿಗೇ ಬಂದರು.

ನಾಸಿಕ್ ಫಾಟಾದಲ್ಲಿ ಮೆಟ್ರೊ ಇಳಿದು ಶೇರ್ ರಿಕ್ಷಾ ಹತ್ತಿದರೆ ಬೇಗ ತಲುಪಬಹುದು. ಇಲ್ಲಿ ವಾರದ ರಜೆ ಗುರುವಾರ. ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಗಳು ಇನ್ನೂ ಮಲಗಿರುವಾಗ ಇಲ್ಲಿ ಲೇತುಗಳು ತಿರುಗುತ್ತಿರುತ್ತವೆ. ಗಾಳಿಯಲ್ಲಿ ಕೂಲಂಟ್ ಎಣ್ಣೆಯ ವಾಸನೆ, ಬೀದಿಯಂಚಿನಲ್ಲಿ ಸುರುಳಿಸುರುಳಿ ಕಬ್ಬಿಣದ ಚೂರು, ಮೂಲೆಗೊಂದು ವಡಾಪಾವ್ ಗಾಡಿ. ಚಹಾದಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಮರಾಠಿ, ಹಿಂದಿ, ಒಡಿಯಾ ಜೊತೆಗೆ ನಮ್ಮ ಕಲಬುರಗಿ, ವಿಜಯಪುರದ ಕನ್ನಡವೂ ಕಿವಿಗೆ ಬೀಳುತ್ತದೆ.

ನಾನು ಅಲ್ಲಿಗೆ ಹೋದದ್ದು ಗೆಳೆಯನೊಬ್ಬನ ಜೊತೆ. ಬೆಳಗಾವಿಯವನು, ಚಾಕಣ್‌ನಲ್ಲಿ ಮಸಾಲೆ ಪುಡಿ ಪ್ಯಾಕ್ ಮಾಡಿಕೊಡುವ ಸಣ್ಣ ಘಟಕ ನಡೆಸುತ್ತಾನೆ. ಹನ್ನೊಂದು ಜನ ಕೆಲಸಗಾರರು, ಎರಡು ಯಂತ್ರ. ದೀಪಾವಳಿಗೆ ಮೂರು ವಾರ ಇರುವಾಗ ದೊಡ್ಡ ಯಂತ್ರ ನಡುನಡುವೆ ನಿಂತುಹೋಗಲು ಶುರುವಾಯಿತು. ಡ್ರೈವ್ ಮೇಲೆ ಎನ್‌ಕೋಡರ್ ಸಂಪರ್ಕ ತಪ್ಪಿದೆ ಎಂಬ ಎರರ್. ಯಂತ್ರ ಮಾರಿದವರು ಬಂದು ನೋಡಿ, "ಡ್ರೈವ್ ಹೋಗಿದೆ, ಈ ಮಾಡೆಲ್ ಈಗ ಬರುವುದಿಲ್ಲ" ಎಂದರು. ಹೊಸ ಮಾಡೆಲ್ ಹಾಕಿದರೆ ಮೋಟಾರ್, ಕೇಬಲ್, ಪ್ರೋಗ್ರಾಂ ಎಲ್ಲವೂ ಬದಲಾಗಬೇಕು. ಎರಡೂವರೆ ಲಕ್ಷ, ಎಂಟು ವಾರ. ಅಷ್ಟು ದಿನ ಯಂತ್ರ ನಿಂತರೆ ಆರ್ಡರ್ ಬೇರೆಯವರ ಪಾಲು. ಹನ್ನೊಂದರಲ್ಲಿ ಆರು ಜನರನ್ನು ಊರಿಗೆ ಕಳಿಸಬೇಕಾಗುತ್ತದೆ ಎಂದು ಅವನು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದ.

ಸರ್ವೊ ಡ್ರೈವ್ ಅಂದರೇನು ಎಂದು ಕೇಳುವವರಿಗೆ ಎರಡು ಮಾತು. ಸಾಮಾನ್ಯ ಮೋಟಾರ್ ಕರೆಂಟ್ ಕೊಟ್ಟರೆ ತಿರುಗುತ್ತದೆ. ಸರ್ವೊ ಮೋಟಾರಿಗೆ ಇಷ್ಟೇ ಡಿಗ್ರಿ, ಇಷ್ಟೇ ವೇಗದಲ್ಲಿ ತಿರುಗಿ ನಿಲ್ಲು ಎಂದು ಹೇಳಬಹುದು. ಮೋಟಾರಿನ ಹಿಂಬದಿ ಕೂತ ಎನ್‌ಕೋಡರ್ "ನಾನೀಗ ಇಲ್ಲಿದ್ದೇನೆ" ಎಂದು ಕ್ಷಣಕ್ಷಣಕ್ಕೂ ವರದಿ ಕಳಿಸುತ್ತಿರುತ್ತದೆ. ಆ ವರದಿ ನೋಡಿ ಕರೆಂಟನ್ನು ತಿದ್ದುತ್ತಲೇ ಇರುವ ಪೆಟ್ಟಿಗೆಯೇ ಡ್ರೈವ್. ಪೌಚ್ ತುಂಬುವ ಯಂತ್ರದಿಂದ ಕಾರಿನ ಬಾಡಿ ವೆಲ್ಡ್ ಮಾಡುವ ರೋಬಾಟ್ ತನಕ ಎಲ್ಲ ಕಡೆ ಇದೇ ಕೆಲಸ.

ರಿಪೇರಿಯವರು ಇಂಡಿ ತಾಲೂಕಿನವರು. ಓಣಿಯಲ್ಲಿ ಎಲ್ಲರಿಗೂ ಕಾಕಾ. ಬಿಜಾಪುರದಲ್ಲಿ ಐಟಿಐ ಮುಗಿಸಿ ಸೊಲ್ಲಾಪುರದ ಮೇಲೆ ಹಾದು ಪುಣೆಗೆ ಬಂದು ಮೂವತ್ತು ವರ್ಷ ದಾಟಿದೆ. ಹತ್ತು ಅಡಿ ಅಗಲದ ಗಾಳೆ, ಗೋಡೆ ತುಂಬ ಬಿಚ್ಚಿದ ಡ್ರೈವುಗಳು. ನಾವು ಹೋದಾಗ ಬೇರೆ ಯಾರದ್ದೋ ಡ್ರೈವ್ ಬೆಂಚಿನ ಮೇಲಿತ್ತು. ಕೂತು ನೋಡಿದೆ.

ಮೊದಲು ಚಾರ್ಜ್ ದೀಪ ಆರಿದೆಯೇ ಎಂದು ನೋಡಿದರು. ಆಮೇಲೂ ಮೀಟರ್ ಹಿಡಿದು ಖಾತ್ರಿ ಮಾಡಿಕೊಂಡರು. 415 ವೋಲ್ಟಿನ ಮೂರು ಫೇಸ್ ಒಳಗೆ ಹೋದರೆ ಡಿಸಿ ಬಸ್‌ನಲ್ಲಿ ಸುಮಾರು 585 ವೋಲ್ಟ್ ನಿಲ್ಲುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳು ಅದನ್ನು ಕೆಲ ನಿಮಿಷ ಹಿಡಿದಿಟ್ಟುಕೊಂಡಿರುತ್ತವೆ. ನಂತರ ಮೀಟರನ್ನು ಡಯೋಡಿಗೆ ಇಟ್ಟು, ಬಸ್‌ನ ಪ್ಲಸ್ ಮತ್ತು ಮೈನಸ್‌ನಿಂದ ಯು, ವಿ, ಡಬ್ಲ್ಯೂ ಮೂರಕ್ಕೂ ಅಳೆದರು. ಆರು ಅಂಕಿ ಬರಬೇಕು, ಆರೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಕಡೆ ಸೊನ್ನೆ ಬಂತು. "ಐಜಿಬಿಟಿ ಹ್ವಾಗ್ಯದ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಫ್ಯಾನನ್ನು ಬೆರಳಿನಿಂದ ತಿರುಗಿಸಿದರು, ಅದು ಎಣ್ಣೆ ಧೂಳಿನಲ್ಲಿ ಅಂಟಿಕೊಂಡಿತ್ತು. ಫ್ಯಾನ್ ನಿಂತದ್ದಕ್ಕೆ ಬಿಸಿ, ಬಿಸಿಗೆ ಐಜಿಬಿಟಿ. ಕೆಪಾಸಿಟರುಗಳಿಗೂ ಬಿಸಿ ಆಗದು. ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಗಣಿತ. "ಬರೇ ಐಜಿಬಿಟಿ ಹಾಕಿ ಕೊಟ್ರ ಆರು ತಿಂಗ್ಳಿಗೆ ತಿರುಗಿ ಬರ್ತದ ನೋಡ್ರಿ." ರಿಪೇರಿಯಾದ ಡ್ರೈವಿಗೆ ಮೊದಲ ಸಲ ಕರೆಂಟ್ ಕೊಡುವಾಗ ನಡುವೆ ಬಲ್ಬೊಂದನ್ನು ಸೀರೀಸ್‌ನಲ್ಲಿ ಹಾಕುತ್ತಾರೆ. ಒಳಗೆ ಶಾರ್ಟ್ ಉಳಿದಿದ್ದರೆ ಬಲ್ಬ್ ಉರಿಯುತ್ತದೆ, ಡ್ರೈವ್ ಉಳಿಯುತ್ತದೆ.

ಗೆಳೆಯನ ಡ್ರೈವ್ ಕೈಗೆ ಬಂದಾಗ ಅವರು ಸ್ಕ್ರೂ ಡ್ರೈವರ್ ಎತ್ತಿಕೊಳ್ಳಲಿಲ್ಲ.

"ಇದನ್ನ ಆಮ್ಯಾಲ ನೋಡೂಣ್ರಿ. ಮೊದ್ಲ ಹೇಳ್ರಿ, ಯಾವಾಗ ನಿಂದರ್ತದ? ಚಾಲೂ ಮಾಡಿದ ಕೂಡ್ಲೇನೋ, ಓಡೂಮುಂದೋ, ವೇಗ ಇಳಿಯೂಮುಂದೋ?"

ಗೆಳೆಯನಿಗೆ ಗೊತ್ತಿರಲಿಲ್ಲ. "ಯಾವಾಗ ಬೇಕಾದರೂ ನಿಲ್ತದೆ" ಎಂದ.

ಈ ಪ್ರಶ್ನೆಗೆ ಯಾಕಷ್ಟು ಬೆಲೆ ಎಂದು ಕಾಕಾ ವಿವರಿಸಿದರು. ಮಿತ್ಸುಬಿಷಿಯ ಎಂಆರ್-ಜೆ4ರಲ್ಲಿ 33 ಅಂದರೆ ಓವರ್‌ವೋಲ್ಟೇಜ್, ಯಾಸ್ಕಾವಾದ ಸಿಗ್ಮಾ-5ರಲ್ಲಿ ಅದಕ್ಕೇ 400. ನಂಬರ್ ನೋಡಿ ಹಲವರು ಡ್ರೈವನ್ನೇ ಬದಲಿಸುತ್ತಾರೆ. ಆದರೆ ಆ ಎರರ್ ವೇಗ ಇಳಿಸುವಾಗ ಮಾತ್ರ ಬರುತ್ತಿದ್ದರೆ ಕಥೆ ಬೇರೆ. ಓಡುವ ಭಾರವನ್ನು ತಡೆದಾಗ ಮೋಟಾರ್ ಜನರೇಟರಿನಂತೆ ಕರೆಂಟನ್ನು ವಾಪಸ್ ತಳ್ಳುತ್ತದೆ. ಅದನ್ನು ಸುಡಬೇಕಾದ ಬ್ರೇಕ್ ರೆಸಿಸ್ಟರ್ ತುಂಡಾಗಿರಬಹುದು, ಅದರ ವೈರ್ ಸಡಿಲವಾಗಿರಬಹುದು. ಎರರ್ ಎಲ್ಲಿ ಕಾಣಿಸಿತು ಎಂಬುದನ್ನು ಡ್ರೈವ್ ಹೇಳುತ್ತದೆ. ಎಲ್ಲಿ ಹುಟ್ಟಿತು ಎಂಬುದನ್ನು ಯಂತ್ರದ ಪಕ್ಕ ನಿಂತವರು ಹೇಳಬೇಕು. ದಿನವಿಡೀ ಲಾಗ್ ಓದುವ ನನಗೆ ಈ ಮಾತು ಪರಿಚಿತವೇ. ನಮ್ಮಲ್ಲೂ ಕೆಳಗೆ ಬಿದ್ದ ಸರ್ವಿಸ್ ಒಂದು, ಅದನ್ನು ಬೀಳಿಸಿದ್ದು ಇನ್ನೊಂದು.

ಗೆಳೆಯನ ಡ್ರೈವಿಗೆ ತಮ್ಮಲ್ಲಿದ್ದ ಅದೇ ಮಾಡೆಲ್ಲಿನ ಮೋಟಾರ್ ಜೋಡಿಸಿ ಓಡಿಸಿದರು. ಎರಡು ತಾಸಾದರೂ ಒಂದು ಎರರ್ ಬರಲಿಲ್ಲ. "ಡ್ರೈವಿಗೆ ಏನೂ ಆಗಿಲ್ರಿ. ನಡ್ರಿ, ಮಷೀನ್ ನೋಡೂಣು."

ಭೋಸರಿಯಿಂದ ಚಾಕಣ್ ಸುಮಾರು ಇಪ್ಪತ್ತು ಕಿಲೋಮೀಟರ್. ಮೋಶಿ ದಾಟಿದ ಮೇಲೆ ಇಂದ್ರಾಯಣಿ ನದಿ ಸಿಗುತ್ತದೆ. ಇದೇ ನದಿಯ ದಂಡೆಯಲ್ಲಿ ಒಂದು ಕಡೆ ತುಕಾರಾಮರ ದೇಹು, ಇನ್ನೊಂದು ಕಡೆ ಜ್ಞಾನೇಶ್ವರರ ಸಮಾಧಿಯಿರುವ ಆಳಂದಿ. ಸೇತುವೆಯ ಮೇಲೆ ಕಂಟೇನರ್ ಲಾರಿಗಳ ಸಾಲು. 2009ರಲ್ಲಿ ಫೋಕ್ಸ್‌ವ್ಯಾಗನ್ ಇಲ್ಲಿ ಕಾರು ತಯಾರಿಸಲು ಶುರುಮಾಡಿತು. ಚಾಕಣ್‌ನ ಹಳೇ ಈರುಳ್ಳಿ ಮಾರುಕಟ್ಟೆ ಈಗಲೂ ಇದೆ, ಅದರ ಸುತ್ತ ಹೊಲಗಳ ಜಾಗದಲ್ಲಿ ಶೆಡ್ಡುಗಳು.

ಘಟಕದಲ್ಲಿ ಕಾಕಾ ನೇರ ಆಪರೇಟರ್ ಹುಡುಗನ ಬಳಿ ಹೋದರು. ಬಿಹಾರದವನು, ರಾತ್ರಿ ಪಾಳಿ. ಅದೇ ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಿದರು. ಹುಡುಗ ಒಂದು ಕ್ಷಣವೂ ಯೋಚಿಸಲಿಲ್ಲ. 200 ಗ್ರಾಂ ಪೌಚ್ ಓಡಿಸುವಾಗ ನಿಲ್ಲುವುದೇ ಇಲ್ಲ, ಒಂದು ಕಿಲೋ ಪೌಚ್ ಹಾಕಿದರೆ ಮಾತ್ರ ನಿಲ್ಲುತ್ತದೆ ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಗೆಳೆಯ ಕೇಳಿದ್ದಕ್ಕೆ, ಯಾರೂ ಕೇಳಲಿಲ್ಲವಲ್ಲ ಎಂಬಂತೆ ಸುಮ್ಮನೆ ನಿಂತ.

ಆ ಯಂತ್ರದಲ್ಲಿ ಪೌಚ್ ಅಂಟಿಸುವ ಜಾ ಮೇಲೆ ಕೆಳಗೆ ಓಡುತ್ತದೆ. ಪೌಚ್ ಉದ್ದವಾದಷ್ಟೂ ಓಟವೂ ಉದ್ದ. ಜಾ ಮೇಲೆ ಕೂತ ಮೋಟಾರಿನ ಎನ್‌ಕೋಡರ್ ಕೇಬಲ್ ಪ್ಲಾಸ್ಟಿಕ್ ಚೈನಿನೊಳಗೆ ಅದರ ಜೊತೆಗೇ ಮಡಚುತ್ತಾ ಬಿಚ್ಚುತ್ತಾ ಹೋಗುತ್ತದೆ. ಉದ್ದ ಓಟದಲ್ಲಿ ಮಾತ್ರ ಮಡಚುವ ಜಾಗವೊಂದಿತ್ತು. ಡ್ರೈವನ್ನು ಮತ್ತೆ ಕೂರಿಸಿ, ಇನ್ನೊಂದು ಕೇಬಲನ್ನು ಚೈನಿನ ಹೊರಗೇ ಇಳಿಬಿಟ್ಟು ಒಂದು ಕಿಲೋ ಪೌಚ್ ಓಡಿಸಿದರು. ಒಂದು ತಾಸು ನಿಲ್ಲದೆ ಓಡಿತು. ಹಳೇ ಕೇಬಲನ್ನು ಆ ಜಾಗದಲ್ಲಿ ಕೊಯ್ದರೆ ಹೊರಗಿನ ಕವಚ ಗಟ್ಟಿಮುಟ್ಟಾಗಿತ್ತು, ಒಳಗಿನ ತಂತಿ ಮುರಿದಿತ್ತು. ಮರುದಿನ ಚೈನಿಗೆಂದೇ ಬರುವ ಮೆತ್ತನೆಯ ಕೇಬಲನ್ನು ಭೋಸರಿಯಲ್ಲೇ ಮಾಡಿಸಿ ಹಾಕಿದರು. ಕೇಬಲ್, ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರ. ಯಾರನ್ನೂ ಊರಿಗೆ ಕಳಿಸಬೇಕಾಗಲಿಲ್ಲ.

ಕಾಕಾನ ಬಳಿ ಉದ್ದನೆಯ ವಹಿಗಳಿವೆ. ಯಾವ ಯಂತ್ರ, ಯಾವ ನಂಬರ್, ಯಾವಾಗ ನಿಲ್ಲುತ್ತಿತ್ತು, ಕೊನೆಗೆ ಸಿಕ್ಕಿದ್ದು ಏನು, ಎಲ್ಲ ಕನ್ನಡದಲ್ಲಿ. ಮಗ ಹಿಂಜವಡಿಯಲ್ಲಿ ಕೆಲಸಕ್ಕಿದ್ದಾನೆ, ಗಾಳೆ ನೋಡಿಕೊಳ್ಳುವ ಹುಡುಗರು ಎರಡು ವರ್ಷಕ್ಕೆ ಬೇರೆಡೆ ಹೋಗುತ್ತಾರೆ. ಆ ವಹಿಗಳನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತೇನೆಂದು ನಾನೇ ಕೇಳಿ ಒಪ್ಪಿಸಿದ್ದೇನೆ. ಈಗ ಎರಡನೇ ವಹಿ ನಡೆದಿದೆ.

ನಿಮ್ಮಲ್ಲೂ ಸಣ್ಣ ಘಟಕ ನಡೆಸುವವರಿದ್ದರೆ ಕಾಕಾ ಹೇಳಿದ ಮೂರು ಮಾತು ಇಲ್ಲಿವೆ. ಡ್ರೈವ್ ಚೆನ್ನಾಗಿರುವಾಗಲೇ ಪ್ಯಾರಾಮೀಟರ್ ಬ್ಯಾಕಪ್ ತೆಗೆದಿಡಿ. ಎನ್‌ಕೋಡರ್ ಬ್ಯಾಟರಿ ಬದಲಿಸುವಾಗ ಡ್ರೈವಿನ ಕಂಟ್ರೋಲ್ ಸಪ್ಲೈ ಆರಿಸಬೇಡಿ, ಯಂತ್ರ ತಾನು ನಿಂತ ಜಾಗವನ್ನೇ ಮರೆಯುತ್ತದೆ. ಮೋಟಾರಿಗೆ ಮೆಗ್ಗರ್ ಹಚ್ಚುವ ಮೊದಲು ಡ್ರೈವಿನಿಂದ ವೈರ್ ಕಳಚಿ. ಇನ್ನು ಭೋಸರಿಗೆ ಹೋಗುವುದಾದರೆ ಗುರುವಾರ ಬಿಟ್ಟು ಹೋಗಿ, ಕೆಟ್ಟ ಡ್ರೈವಿನ ಜೊತೆ ಯಂತ್ರ ಓಡಿಸುವ ಹುಡುಗನನ್ನೂ ಕರೆದುಕೊಂಡು ಹೋಗಿ.