ಮುಳುಗಿದ ಊರಿಗೊಂದು ಪುಟ

ಹಾಸ್ಯ ಸಾಹಿತಿ ಬೀಚಿಯವರು ಹುಟ್ಟಿದ್ದು ಯಾವ ಜಿಲ್ಲೆಯಲ್ಲಿ? ಅವರು ಹುಟ್ಟಿದ 1913ರಲ್ಲಿ ಅವರ ಊರು ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಹೋಯಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮಕ್ಕಳು ಕೈಬರಹದಲ್ಲಿ ಪ್ರಾಜೆಕ್ಟ್ ಒಪ್ಪಿಸುತ್ತಿದ್ದ ಕಾಲದಲ್ಲಿ ಇದು ಯಾರಿಗೂ ತೊಡಕಾಗಿರಲಿಲ್ಲ. ಸಿಕ್ಕ ಪುಸ್ತಕದಲ್ಲಿ ಏನಿತ್ತೋ ಅದನ್ನೇ ಇಳಿಸಿಕೊಳ್ಳುತ್ತಿದ್ದರು. ಈ ಸಲ ನನ್ನ ಕನ್ನಡ ಪದವಿ ತರಗತಿಯ ಮಕ್ಕಳು ಜಾಲಪುಟ ಮಾಡಿ ಒಪ್ಪಿಸಬೇಕಿತ್ತು. ಹರಪನಹಳ್ಳಿಯವರೇ ಓದುತ್ತಾರೆ ಎಂದು ಗೊತ್ತಾದ ಮೇಲೆ ಆ ಒಂದು ಸಾಲಿಗೇ ಅರ್ಧ ದಿನ ಚರ್ಚೆ ನಡೆಯಿತು. ನನಗೆ ಬೇಕಾಗಿದ್ದದ್ದು ಅದೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಸ್ಸು ಹಿಡಿದು ಬರುವ ಮಕ್ಕಳು ಇವರು. ನಿಮ್ಮ ತಾಲ್ಲೂಕಿನ ಸಾಹಿತ್ಯದ ಬಗ್ಗೆ ಪುಟ ಮಾಡಿ ಎಂದರೆ ಮೊದಲು ಸುಮ್ಮನೆ ಕೂತರು. ಸಾಹಿತ್ಯ ಎಂದರೆ ಬೇರೆ ಊರಿನದು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಕೊಟ್ಟೂರಿನವರಿಗೆ ಕುಂ. ವೀರಭದ್ರಪ್ಪನವರು ಸಿಕ್ಕರು. ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರಿಗೆ ಗೊತ್ತಿತ್ತು, ಕಾದಂಬರಿ ಓದಿದವರು ಕಡಿಮೆ. ಕತೆಯೊಂದನ್ನು ಪೂರ್ತಿ ಪುಟಕ್ಕೆ ಹಾಕುತ್ತೇವೆ ಎಂದರು. ಬೇಡವೆಂದೆ. ಲೇಖಕ ತೀರಿಕೊಂಡು 60 ವರ್ಷ ಕಳೆಯುವವರೆಗೆ ಕೃತಿಯ ಹಕ್ಕು ಅವರದು, ಅವರ ನಂತರ ವಾರಸುದಾರರದು. ನೀವು ಓದಿ, ನಿಮಗೆ ಅನ್ನಿಸಿದ್ದನ್ನು ಬರೆಯಿರಿ ಎಂದೆ.

ಹರಪನಹಳ್ಳಿ ಭೀಮವ್ವನವರ ವಿಷಯ ಹಾಗಲ್ಲ. 1823ರಲ್ಲಿ ಹುಟ್ಟಿದ, ಭೀಮೇಶಕೃಷ್ಣ ಎಂಬ ಅಂಕಿತದಲ್ಲಿ ಹಾಡು ಕಟ್ಟಿದ ಹರಿದಾಸಿ ಆಕೆ. ಹಕ್ಕಿನ ತೊಡಕಿಲ್ಲ, ತೊಡಕು ಭೂಪಟದ್ದು. ಆಕೆಯ ತವರು ನಾರಾಯಣದೇವರಕೆರೆ. ಪುಟದಲ್ಲಿ ಊರನ್ನು ಗುರುತಿಸಲು ಹೋದ ಹರಪನಹಳ್ಳಿಯ ಹುಡುಗಿ ಫೋನು ಹಿಡಿದು ಬಂದು, "ಸರ್, ಊರೇ ಇಲ್ರೀ, ಬರೇ ನೀರೈತಿ" ಎಂದಳು. ತುಂಗಭದ್ರಾ ಜಲಾಶಯ ನುಂಗಿದ ಊರದು. ಅಣೆಕಟ್ಟೆಯ ಬಗ್ಗೆ ಶಾಲೆಯಲ್ಲಿ ಎಷ್ಟೋ ಓದಿದ್ದಾಳೆ; ಅದರಡಿ ಒಬ್ಬ ಕವಯಿತ್ರಿಯ ಅಂಗಳವೂ ಇದೆ ಎಂದು ಅವಳಿಗೆ ತಿಳಿದದ್ದು ಅವತ್ತೇ. ನೀರಿನ ಮೇಲೆಯೇ ಗುರುತು ಹಾಕು, ಕಾರಣ ಕೆಳಗೆ ಬರೆ ಎಂದೆ. ಬರೆದಳು. ಆ ನಾಲ್ಕು ಸಾಲು ಇಡೀ ತರಗತಿಯಲ್ಲೇ ಒಳ್ಳೆಯ ಗದ್ಯವೆಂದು ಈಗಲೂ ಹೇಳುತ್ತೇನೆ.

ಹಡಗಲಿಯ ಹುಡುಗರು ಮೈಲಾರದ ಕಾರ್ಣಿಕವನ್ನು ಆರಿಸಿಕೊಂಡರು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟು ಜನ ಒಮ್ಮೆಗೇ ಸುಮ್ಮನಾಗುತ್ತಾರೆ. ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ವರ್ಷದ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಆ ಮಾತಿನಲ್ಲೇ ಹುಡುಕುತ್ತಾರೆ. ಇದು ಸಾಹಿತ್ಯವೋ ಅಲ್ಲವೋ ಎಂದು ಕೇಳಿದ ಸಹೋದ್ಯೋಗಿಗೆ ನಾನು ಹೇಳಿದ್ದಿಷ್ಟೇ: ಇಷ್ಟು ಜನ ಇಷ್ಟು ಲಕ್ಷ್ಯಕೊಟ್ಟು ಕೇಳುವ ಒಂದು ಸಾಲನ್ನು ಬೇರೆ ಯಾವ ಕವಿ ಬರೆದಿದ್ದಾನೆ? ಹುಡುಗರು ಜಾತ್ರೆಗೆ ಹೋದವರ ಬಾಯಿಂದ ಕೇಳಿದರು, ಪತ್ರಿಕೆ ನೋಡಿದರು, ಮೊಬೈಲಿನ ವಿಡಿಯೋ ಮತ್ತೆ ಮತ್ತೆ ಹಾಕಿ ಆಲಿಸಿದರು. ಒಂದೇ ನುಡಿ ಮೂರು ಬಗೆಯಾಗಿ ಸಿಕ್ಕಿತು. ಹಸ್ತಪ್ರತಿಯ ಪಾಠಾಂತರ ಎಂದು ನಾನು ಕರಿಹಲಗೆಯ ಮೇಲೆ ಬರೆದು ವಿವರಿಸಿದಾಗ ಆಕಳಿಸುತ್ತಿದ್ದವರು, ಯಾವುದು ಮೊದಲು, ಯಾವುದು ಆಮೇಲೆ ಎಂದು ತಾವೇ ಜಗಳಕ್ಕೆ ಬಿದ್ದರು. ಮೂರನ್ನೂ ಹಾಕಿ, ಯಾರಿಂದ ಕೇಳಿದ್ದೆಂದು ಪ್ರತಿಯೊಂದರ ಮುಂದೆ ಬರೆಯಲು ಹೇಳಿದೆ.

ಅಕ್ಷರದ ಕಷ್ಟ ಬೇರೆ ಇತ್ತು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪಠ್ಯ ಪುಟಕ್ಕೆ ಬಂದರೆ ಕನ್ನಡವೇ ಮಾಯ. ಯೂನಿಕೋಡಿಗೆ ತಿರುಗಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳು ಕೆಲವು ಕಡೆ ಒಡೆದಿದ್ದವು. ಕೂತು ಒಂದೊಂದೇ ತಿದ್ದಿದರು. ಯೂನಿಕೋಡಿನಲ್ಲಿದ್ದರೆ ಮಾತ್ರ ಎಲ್ಲೋ ದೂರದಲ್ಲಿರುವ ಯಾರೋ ಭೀಮವ್ವನ ಹೆಸರು ಹುಡುಕಿದಾಗ ಈ ಪುಟ ಸಿಕ್ಕೀತು. ಊರಿನ ಅಜ್ಜಿಯರು ಹಾಡಿದ್ದನ್ನು ಪುಟಕ್ಕೆ ಹಾಕುವವರು ಮೊದಲು ಅವರನ್ನು ಕೇಳಿ ಹಾಕಬೇಕು, ಹಾಡಿದವರ ಹೆಸರು ಮೇಲೆ, ಪುಟ ಮಾಡಿದವರ ಹೆಸರು ಕೆಳಗೆ ಎಂಬ ನಿಯಮವನ್ನು ಮಾತ್ರ ನಾನು ಸಡಿಲಿಸಲಿಲ್ಲ.

ಕೊನೆಯ ದಿನ ಎಲ್ಲರೂ ಕೊಂಡಿ ಕಳಿಸಿದರು, ಅಂಕ ಕೊಟ್ಟು ಕಳಿಸಿದ್ದೂ ಆಯಿತು. ಮರುವಾರ ಹರಪನಹಳ್ಳಿಯ ಹುಡುಗಿ ಮತ್ತೆ ಬಂದಳು. ಅವಳಿಗೆ ಹಾಡು ಹಾಡಿಕೊಟ್ಟ ಅಜ್ಜಿ ಪುಟ ಓದಿಸಿಕೊಂಡು ಕೇಳಿ, ನಡುವೆ ಒಂದು ನುಡಿ ಬಿಟ್ಟಿದೆ ಎಂದು ಹೇಳಿಕಳಿಸಿದ್ದರಂತೆ. ಒಪ್ಪಿಸಿಯಾದ ಮೇಲೆ ತಿದ್ದಬಹುದೇ ಎಂಬುದು ಅವಳ ಪ್ರಶ್ನೆ. ತಿದ್ದು, ಇವತ್ತಿನ ತಾರೀಖು ಹಾಕು, ಮೊದಲು ಬರೆದುಕೊಂಡದ್ದನ್ನೂ ಅಳಿಸದೆ ಕೆಳಗಿಡು ಎಂದೆ.